ಮಲೆನಾಡಿನ ಜಲಪಾತಕ್ಕೆ ಮನೆಮಂದಿ ಜೊತೆ ಒಂದು ದಿನದ ಚಾರಣ: ಹೋಗಿ ಬಂದವರು ಹೇಳಿ

ಇಬ್ಬರು ಮಕ್ಕಳ ಅಪ್ಪ:
ಜುಲೈ ಕೊನೆ ವಾರ ರಜೆ ಸಿಕ್ಕಿದೆ. ನಾನು, ಹೆಂಡತಿ, 5 ಮತ್ತು 11 ವರ್ಷದ ಮಕ್ಕಳು, ಜೊತೆಗೆ ಅಮ್ಮ. ಅಮ್ಮನಿಗೆ ಮಂಡಿ ನೋವಿದೆ. ಸಾಗರ, ಸಿದ್ದಾಪುರ, ಕೊಲ್ಲೂರಿನ ಸುತ್ತ ಒಂದು ದಿನ ಕಾಡಿನಲ್ಲಿ ನಡೆದು ಜಲಪಾತ ನೋಡಬೇಕು ಅಂತ ಆಸೆ. ಜೋಗ ನೋಡಿ ಆಗಿದೆ. ಕಾರು ನಿಲ್ಲಿಸಿ, ಕಂಬಿ ಹಿಡಿದು ನೋಡುವುದು ಬೇಡ. ಹಿಡ್ಲುಮನೆ ಜಲಪಾತ ಆಗುತ್ತಾ?

ಮಳೆಗಾಲದವನು:
ಧಾರಾಳವಾಗಿ ಹೋಗಿ. ಹೋದರೆ ಮಳೆಗಾಲದಲ್ಲೇ ಹೋಗಬೇಕು. ನಾವು ಹಿಡ್ಲುಮನೆಗೆ ಹೋದಾಗ ಮಗಳಿಗೆ ಆರು ವರ್ಷ, ಆಗ ದಾರಿ ತೆರೆದಿತ್ತು. ನಿಟ್ಟೂರಿನಿಂದ ಜೀಪಿಗೆ 3,000 ಕೇಳಿದರು, ಚೌಕಾಸಿ ಮಾಡಿ 2,600ಕ್ಕೆ ಒಪ್ಪಿಸಿದೆ. ಕಾಯುವುದಕ್ಕೆ ಅಂತ ಕೊನೆಗೆ ಇನ್ನೊಂದು 300 ಕಿತ್ತುಕೊಂಡರು, ಅದು ಬೇರೆ ಮಾತು. ಮಗಳ ಶೂ 1,899. ಅಂಗಡಿಯವನು ಜಾರುವುದಿಲ್ಲ ಅಂದಿದ್ದ, ಮೊದಲ ಹಳ್ಳದಲ್ಲೇ ಅಂಟು ಬಿಟ್ಟು ಅಡಿ ಬಾಯಿ ತೆರೆಯಿತು. ದಾರಕಟ್ಟಿ ನಡೆಸಿದೆ. ರೈನ್‌ಕೋಟಿಗೆ ದುಡ್ಡು ಹಾಕಬೇಡಿ, ಒಳಗೆ ಬೆವರಿ ಹೇಗೂ ಒದ್ದೆ ಆಗುತ್ತೀರಿ. ಹಂತ ಹಂತವಾಗಿ ಬೀಳುವ ನೀರಿನ ಪಕ್ಕದಲ್ಲೇ ಹತ್ತಿಕೊಂಡು ಹೋಗುವುದು, ಕೈ ಹಿಡಿದು ಒಂದೊಂದೇ ಬಂಡೆ ದಾಟಿಸುವುದು, ಅದನ್ನ ನನ್ನ ಮಗಳು ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ. ಜನವರಿಯಲ್ಲಿ ಹೋದವರು ನೋಡುವುದು ಒದ್ದೆ ಬಂಡೆ ಅಷ್ಟೇ.

ತೀರ್ಥಹಳ್ಳಿ ಸೊಸೆ:
ಮೇಲಿನವರ ಮಾತು ನಂಬಿ ಹೊರಡಬೇಡಿ. ನಮ್ಮನೆಯವರು ಹೀಗೇ ಯಾರದೋ ಮಾತು ಕೇಳಿ ನಮ್ಮನ್ನು ಕರೆದುಕೊಂಡು ಹೋದರು. ಹೋಂಸ್ಟೇಯವರು "ದಾರಿ ಸುಲಭ, ಅಜ್ಜಿಯಂದಿರೂ ಹೋಗ್ತಾರೆ" ಅಂದರು. ಹಾವಸೆ ಕಟ್ಟಿದ ಬಂಡೆ ಮೇಲೆ ಇವರ ಕಾಲು ಜಾರಿತು, ಪಾದದ ಗಂಟು ಎರಡು ಕಡೆ ಮುರಿಯಿತು. ಫೋನಿಗೆ ಸಿಗ್ನಲ್ ಇಲ್ಲ. ಊರಿನ ಹುಡುಗರು ಎರಡು ಉದ್ದನೆ ಕೋಲು ತಂದು, ಕಂಬಳಿ ಕಟ್ಟಿ, ಅದರಲ್ಲಿ ಹೊತ್ತುಕೊಂಡು ಬಂದರು. ಅವರು ಒಂದು ಪೈಸೆ ಕೇಳಲಿಲ್ಲ, ನಾನೇ ಬಲವಂತವಾಗಿ 2,000 ಕೊಟ್ಟೆ. ಎಕ್ಸ್‌ರೇ 600. ಪ್ಲೇಟ್ ಹಾಕಿದ ಆಪರೇಷನ್, ರೂಮು ಎಲ್ಲ ಸೇರಿ 1,42,000. ವಿಮೆ ಇತ್ತು, ಆದರೆ ಗ್ಲೌಸು, ಸಿರಿಂಜು, ಅದು ಇದು ಅಂತ 11,400 ಕಡಿತ ಮಾಡಿದರು. ನನಗೆ ಕಾರು ಓಡಿಸಲು ಬರುವುದಿಲ್ಲ. ಬೆಂಗಳೂರಿಗೆ ಮರಳಲು ಡ್ರೈವರ್‌ಗೆ 6,500, ಮೇಲೆ ಅವನ ಬಸ್ ಚಾರ್ಜು. ನೀರಿಗೆ ಬಿದ್ದ ಫೋನು 27,000. ಉಳಿದ ಎರಡು ರಾತ್ರಿಯ 9,000 ಅಡ್ವಾನ್ಸ್ ವಾಪಸ್ ಕೊಡಲೇ ಇಲ್ಲ, "ಪಾಲಿಸಿ" ಅಂದರು. ಕಾಲು ಮುರಿದವನ ಹೆಂಡತಿಗೆ ಪಾಲಿಸಿ ಹೇಳುತ್ತಾರೆ!

ಮಳೆಗಾಲದವನು:
ಮೇಡಂ, ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಜಾರಿದ್ದು ಬಂಡೆಯಿಂದ, ಮಳೆಗಾಲದಿಂದ ಅಲ್ಲ. ಹಾವಸೆ ಅಕ್ಟೋಬರಿನಲ್ಲೂ ಇರುತ್ತದೆ. ನಿಮ್ಮವರು ಯಾವ ಚಪ್ಪಲಿ ಹಾಕಿದ್ದರು ಅಂತ ನೀವು ಬರೆದಿಲ್ಲ.

ತೀರ್ಥಹಳ್ಳಿ ಸೊಸೆ:
4,200 ರೂಪಾಯಿಯ ಟ್ರೆಕ್ಕಿಂಗ್ ಶೂ ಹಾಕಿದ್ದರು. ಬಿಲ್ಲು ಇದೆ. ದಾರಕಟ್ಟಿ ನಡೆಸಿದವರು ನಮಗೆ ಚಪ್ಪಲಿ ಪಾಠ ಹೇಳಬೇಡಿ.

ನಿಟ್ಟೂರು ಕಡೆಯವನು:
ಇಬ್ಬರೂ ಸ್ವಲ್ಪ ನಿಲ್ಲಿಸಿ. ಮಳೆಗಾಲದಲ್ಲಿ ಅರಣ್ಯ ಇಲಾಖೆ ಹಿಡ್ಲುಮನೆ ದಾರಿ ಮುಚ್ಚುತ್ತದೆ. ಅದು ಮೂಕಾಂಬಿಕಾ ಅಭಯಾರಣ್ಯದ ಕಾಡು. ಮುಚ್ಚಿದಾಗಲೂ ಅಡ್ಡದಾರಿ ತೋರಿಸುವವರು ನಮ್ಮ ಊರಲ್ಲೂ ಇದ್ದಾರೆ, ಅವರ ಮೇಲೆ ನನಗೆ ಇನ್ನೂ ಜಾಸ್ತಿ ಸಿಟ್ಟಿದೆ. 2023ರ ಜುಲೈನಲ್ಲಿ ಕೊಲ್ಲೂರಿನ ಅರಶಿನಗುಂಡಿ ಜಲಪಾತದಲ್ಲಿ ಬಂಡೆ ತುದಿಯಲ್ಲಿ ನಿಂತಿದ್ದ ಹುಡುಗ ಜಾರಿ ಬಿದ್ದ ವಿಡಿಯೊ ಎಲ್ಲರೂ ನೋಡಿದ್ದೀರಿ. ಶವ ಸಿಗುವುದಕ್ಕೆ ಎಷ್ಟು ದಿನ ಹುಡುಕಿದರು ಅಂತ ಗೊತ್ತಾ? ಮಳೆಯಲ್ಲಿ ಹಗ್ಗ ಹಿಡಿದು ಇಳಿಯುವವರು ಇಲ್ಲಿನ ಜನ, ನಿಮ್ಮ ಫೋಟೋ ಲೈಕ್ ಮಾಡಿದವರಲ್ಲ. ಅದರ ಮುಂದಿನ ವರ್ಷ, 2024ರ ಜೂನ್ 30ಕ್ಕೆ, ಮಹಾರಾಷ್ಟ್ರದ ಲೋನಾವಳದ ಭೂಶಿ ಅಣೆಕಟ್ಟೆ ಹತ್ತಿರ ಒಂದೇ ಮನೆಯ ಐವರು ಕೊಚ್ಚಿಹೋದರು, ಅದರಲ್ಲಿ ಮಕ್ಕಳೇ ಜಾಸ್ತಿ. ಅವರು ಅಪಾಯದ ಜಾಗ ಹುಡುಕಿಕೊಂಡು ಹೋದವರೇನಲ್ಲ, ರಜೆ ಕಳೆಯಲು ಬಂದ ಮನೆಮಂದಿ.

ನೀವು ನಿಂತ ಜಾಗದಲ್ಲಿ ಬಿಸಿಲಿದ್ದರೂ ಮೇಲೆ ಗುಡ್ಡದಲ್ಲಿ ಮಳೆ ಹೊಡೆದರೆ ಹಳ್ಳ ನಿಮಿಷಗಳಲ್ಲಿ ಏರುತ್ತದೆ. ತಿಳಿನೀರು ಕೆಂಪಾಗುತ್ತದೆ, ಎಲೆ ಕಡ್ಡಿ ತೇಲಿ ಬರುತ್ತದೆ, ಸದ್ದು ಬದಲಾಗುತ್ತದೆ. ಆಗ ಬ್ಯಾಗು, ಚಪ್ಪಲಿ ಅಂತ ನೋಡದೆ ಮೇಲಿನ ದಡಕ್ಕೆ ಹತ್ತಬೇಕು. ಆಚೆ ದಡದಲ್ಲಿ ಸಿಕ್ಕಿಕೊಂಡರೆ ನೀರು ಇಳಿಯುವ ತನಕ ಅಲ್ಲೇ ಕೂತಿರಬೇಕು, ದಾಟಬಾರದು. ಐದು ವರ್ಷದ ಮಗುವನ್ನ ಹೆಗಲ ಮೇಲೆ ಕೂರಿಸಿಕೊಂಡು ಮಂಡಿವರೆಗಿನ ನೀರು ದಾಟುವ ಅಪ್ಪಂದಿರನ್ನ ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಅಕ್ಟೋಬರ್ ಪಕ್ಷ:
ನಾವು ಪ್ರತಿ ಸಲ ದಸರಾ ಕಳೆದ ಮೇಲೆ ಹೊರಡುತ್ತೇವೆ, ಇದಕ್ಕಿಂತ ಒಳ್ಳೆ ಹೊತ್ತು ಇಲ್ಲ. ಉಂಚಳ್ಳಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿದ್ದೆ. ಅಘನಾಶಿನಿ ಅಲ್ಲಿ 116 ಮೀಟರ್ ಧುಮುಕುತ್ತದೆ, ಊರಿನವರು ಕೆಪ್ಪ ಜೋಗ ಅನ್ನುತ್ತಾರೆ. ಅತ್ತೆ ಮೊದಲನೇ ವೀಕ್ಷಣಾ ಜಾಗದಲ್ಲಿ ಕೂತರು, ನಾವು ಕೆಳಗೆ ಇಳಿದೆವು. ಮೆಟ್ಟಿಲು ಇಳಿಯುವುದು ಸುಲಭ, ಹತ್ತುವಾಗ ಮಂಡಿ ಮಾತಾಡುತ್ತದೆ. ಅದಕ್ಕೇ ಅತ್ತೆಗೆ 450ರ ಮಂಡಿ ಪಟ್ಟಿ ತೆಗೆದುಕೊಟ್ಟಿದ್ದೆ. ಅವರು ಅದನ್ನ ಹಾಕಿಕೊಳ್ಳಲೇ ಇಲ್ಲ, ಸೀರೆ ಒಳಗೆ ಕಚಗುಳಿ ಆಗುತ್ತೆ ಅಂದರು. ಹೆಬ್ಬೆ ಜಲಪಾತಕ್ಕೂ ಹೋಗಿದ್ದೇವೆ. ಕೆಮ್ಮಣ್ಣುಗುಂಡಿ ಕಡೆಯಿಂದ ಜೀಪು, ಆಮೇಲೆ ಹಳ್ಳ ದಾಟಿಕೊಂಡು ನಡಿಗೆ. ಆ ಜೀಪಿನ ಕುಲುಕಾಟಕ್ಕೆ ಅತ್ತೆಯ ಸೊಂಟ ಹಿಡಿದುಕೊಂಡಿತು, ಫಿಸಿಯೊಥೆರಪಿಗೆ ಒಂದು ಸಿಟ್ಟಿಂಗಿಗೆ 500. ನಡಿಗೆಗಿಂತ ಜೀಪಿಗೇ ಜಾಸ್ತಿ ಹೆದರಬೇಕು.

ಡಿಸೆಂಬರ್ ತನಕ ಎಳೆಯಬೇಡಿ. ಆ ಹೊತ್ತಿಗೆ ಮಂಗನ ಕಾಯಿಲೆ ಕಾಲ ಶುರುವಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡಿದ್ದು, ಈಗಲೂ ಈ ಕಡೆ ಜನ ಸಾಯುತ್ತಾರೆ. ಉಣುಗು ಕಚ್ಚಿದರೆ ಬರುತ್ತದೆ. ಊರಿನವರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಕೊಡುತ್ತದೆ, ಪ್ರವಾಸಿಗರು ಚಡ್ಡಿ ಹಾಕಿಕೊಂಡು ಒಣ ಎಲೆ ಮೇಲೆ ಮಲಗಿ ಫೋಟೋ ತೆಗೆಸುತ್ತಾರೆ.

ಮಳೆಗಾಲದವನು:
ಮಳೆಗಾಲದಲ್ಲಿ ಉಣುಗಿನ ಕಾಟ ಕಡಿಮೆ, ಇದನ್ನೂ ಹೇಳಿ. ಇಂಬಳ (ಜಿಗಣೆ) ಒಂದೇ ಇರೋದು. ಅದಕ್ಕೆ ಒಂದು ಹಿಡಿ ಉಪ್ಪು ಬಟ್ಟೆಯಲ್ಲಿ ಕಟ್ಟಿಕೊಂಡರೆ ಮುಗೀತು.

ಆಸ್ಪತ್ರೆ ಸಿಸ್ಟರ್:
ಉಪ್ಪು ಹಾಕಬೇಡಿ ದಯವಿಟ್ಟು. ಉಪ್ಪು ಬಿದ್ದ ಇಂಬಳ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು, ಕೀವಾಗಬಹುದು. ಉಗುರಿನಿಂದ ಅದರ ಬಾಯಿಯ ಅಂಚು ಸರಿಸಿ ತೆಗೆಯಿರಿ, ಸೋಪು ಹಾಕಿ ತೊಳೆಯಿರಿ. ಅದರ ಜೊಲ್ಲಲ್ಲಿ ಹಿರುಡಿನ್‌ನಂಥ ಅಂಶ ಇರುತ್ತದೆ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಅದಕ್ಕೇ ರಕ್ತ ಗಂಟೆಗಟ್ಟಲೆ ಜಿನುಗುತ್ತದೆ. ಅಜ್ಜಿ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮೊದಲು ಡಾಕ್ಟರನ್ನ ಕೇಳಿ.

ನಿಟ್ಟೂರು ಕಡೆಯವನು:
ನಮ್ಮ ಅಪ್ಪ, ಅಜ್ಜ ಎಲ್ಲ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಂಡೇ ತೋಟಕ್ಕೆ ಹೋಗುತ್ತಿದ್ದರು. ಯಾರಿಗೂ ಕೀವಾಗಿಲ್ಲ.

ಆಸ್ಪತ್ರೆ ಸಿಸ್ಟರ್:
ಹಚ್ಚಿಕೊಂಡು ಹೋಗುವುದು ಬೇರೆ, ಕಚ್ಚಿದ ಮೇಲೆ ಸುರಿಯುವುದು ಬೇರೆ ಅಲ್ವಾ. ಕೀವಾದವರು ಬರುವುದು ನನ್ನ ಹತ್ತಿರ, ತೋಟಕ್ಕಲ್ಲ.

ಹುಬ್ಬಳ್ಳಿ ಹುಡುಗ:
ಇಷ್ಟೆಲ್ಲ ತಲೆಬಿಸಿ ಯಾಕೆ, ದೂಧಸಾಗರಕ್ಕೆ ಹೋಗಿ. ನಮ್ಮ ಕಾಲದಲ್ಲಿ ಕ್ಯಾಸಲ್‌ರಾಕ್‌ನಿಂದ ಹಳಿ ಮೇಲೆ ನಡೆದರೆ ಖರ್ಚೇ ಇರಲಿಲ್ಲ. 310 ಮೀಟರ್ ಎತ್ತರ, ಹಾಲಿನ ಹಾಗೆ ನೀರು, ಅದರ ಮುಂದೆಯೇ ರೈಲು.

ರೈಲ್ವೆ ನಿವೃತ್ತ:
ನಿಮ್ಮ ಕಾಲ ಮುಗಿದಿದೆ. 2023ರ ಜುಲೈನಲ್ಲಿ ನೂರಾರು ಜನರನ್ನ ತಡೆದು ಬಸ್ಕಿ ಹೊಡೆಸಿದ್ದು ಯಾಕೆ ಅಂದುಕೊಂಡಿರಿ? ಹಳಿ ಮೇಲೆ ನಡೆಯುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ. ಘಾಟಿಯಲ್ಲಿ ತಿರುವು, ಸುರಂಗ, ಮಂಜು. ಜಲಪಾತದ ಸದ್ದಿನಲ್ಲಿ ರೈಲಿನ ಸದ್ದು ಕೇಳಿಸುವುದಿಲ್ಲ. ಮಕ್ಕಳನ್ನ ಕರೆದುಕೊಂಡು ಹೋಗಿ ಅನ್ನುತ್ತೀರಲ್ಲ, ಒಂದು ಸಲ ಆ ಎಂಜಿನ್‌ನಲ್ಲಿ ಕೂತವನ ಎದೆಬಡಿತ ನಿಮಗೆ ಗೊತ್ತಾಗಬೇಕು.

ಹುಬ್ಬಳ್ಳಿ ಹುಡುಗ:
ಬಸ್ಕಿ ಹೊಡೆಸುವ ಅಧಿಕಾರ ಯಾವ ಸೆಕ್ಷನ್‌ನಲ್ಲಿದೆ ಅದನ್ನೂ ಹೇಳಿ ಸರ್. ದಂಡ ಹಾಕಲಿ, ಒಪ್ಪುತ್ತೇನೆ. ಅವಮಾನ ಮಾಡುವುದು ಸರಿಯಲ್ಲ.

ಇಬ್ಬರು ಮಕ್ಕಳ ಅಪ್ಪ:
ಎಲ್ಲರಿಗೂ ಧನ್ಯವಾದ. ಹಾಗಾದರೆ ಜುಲೈನಲ್ಲಿ ಹಿಡ್ಲುಮನೆ ಬೇಡ ಅಂತಲಾ? ರಜೆ ಬದಲಾಯಿಸುವುದು ಕಷ್ಟ.

ನಿಟ್ಟೂರು ಕಡೆಯವನು:
ಬೇಡ. ಉಂಚಳ್ಳಿ ನೋಡಿ, ಕಂಬಿ ಹಿಡಿದೇ ನೋಡಿ, ಏನೂ ಕಡಿಮೆ ಆಗುವುದಿಲ್ಲ. ಹೊರಡುವ ಹಿಂದಿನ ದಿನ ಅರಣ್ಯ ಇಲಾಖೆಯ ಕಚೇರಿಗೆ ಫೋನ್ ಮಾಡಿ ದಾರಿ ತೆರೆದಿದೆಯಾ ಕೇಳಿ, ಹೋಂಸ್ಟೇಯವರನ್ನ ಕೇಳಬೇಡಿ. ಬೇರೆ ಚಾರಣ ಮಾಡುವುದಾದರೆ 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜನಜಂಗುಳಿ ಆದ ಮೇಲೆ ಆನ್‌ಲೈನ್ ಬುಕಿಂಗ್ ತಂದಿದ್ದಾರೆ, ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ನೋಡಿ.

ಮಳೆಗಾಲದವನು:
ಎಲ್ಲರೂ ಸೇರಿ ಹೆದರಿಸಿದಿರಿ. ಮಕ್ಕಳು ಕಾಡು ನೋಡದೆ ಮಾಲ್‌ನಲ್ಲಿ ಬೆಳೆಯಲಿ.

ನಿಟ್ಟೂರು ಕಡೆಯವನು:
ನಮ್ಮ ಮಕ್ಕಳು ಇದೇ ಕಾಡಿನಲ್ಲಿ ಬೆಳೆದಿದ್ದಾರೆ ಸರ್. ಆಷಾಢದಲ್ಲಿ ಹಳ್ಳದ ಹತ್ತಿರ ಬಿಡುವುದಿಲ್ಲ.

ಅಕ್ಟೋಬರ್ ಪಕ್ಷ:
ತೀರ್ಥಹಳ್ಳಿ ಅವರೇ, ಆ 11,400 ವಾಪಸ್ ಸಿಕ್ಕಿತಾ? ಅತ್ತೆಯವರ ಕಣ್ಣಿನ ಆಪರೇಷನ್‌ನಲ್ಲೂ ನಮಗೆ ಹೀಗೇ ಕಡಿತ ಆಗಿದೆ.

ತೀರ್ಥಹಳ್ಳಿ ಸೊಸೆ:
ಪೂರ್ತಿ ಇಲ್ಲ. ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಬೇಕು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಒಪ್ಪದಿದ್ದರೆ ವಿಮಾ ಲೋಕಪಾಲರಿಗೆ (ಇನ್ಶೂರೆನ್ಸ್ ಓಂಬುಡ್ಸ್‌ಮನ್) ಬರೆಯಬಹುದು, ಅದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ನಾನು ಕಂಪನಿಗೆ ಬರೆದಿದ್ದಕ್ಕೇ 3,150 ಬಂತು. ಉಳಿದದ್ದಕ್ಕೆ ಲೋಕಪಾಲರಿಗೆ ಅರ್ಜಿ ಹಾಕಿದ್ದೇನೆ. ಒಂದೊಂದು ಐಟಂನ ಬಿಲ್ಲನ್ನೂ ಬೇರೆ ಬೇರೆ ಕೇಳಿ ಇಸಿದುಕೊಳ್ಳಿ, ಒಟ್ಟು ಬಿಲ್ಲು ಕೊಟ್ಟರೆ ಬಿಡಬೇಡಿ. ನಿಮ್ಮ ಅತ್ತೆಯದು ಯಾವ ವರ್ಷದ್ದು? ಕಂಪನಿ ಕೊನೆಯದಾಗಿ ಇಲ್ಲ ಅಂದ ಮೇಲೆ ಒಂದು ವರ್ಷದೊಳಗೆ ಹಾಕಬೇಕು, ತಡ ಮಾಡಬೇಡಿ.