ಮಗನಿಗೆ ಯಾವ ಟೀಮು ಅಂತ ಕೇಳಿದ ಅಕ್ಕನಿಗೆ

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೀಡ್ಸ್‌ಗೆ ಹೊಸದಾಗಿ ಬಂದ ಅಕ್ಕ ಒಬ್ಬರು ಮೊನ್ನೆ ನಮ್ಮ ಕನ್ನಡಿಗರ ಗುಂಪಿನಲ್ಲಿ ಕೇಳಿದ್ದರಲ್ಲ, "ಮಗ ಶಾಲೆಗೆ ಸೇರಿ ಎರಡು ತಿಂಗಳಾಯ್ತು, ನಮ್ಮದು ಯಾವ ಫುಟ್‌ಬಾಲ್ ಟೀಮು ಅಂತ ದಿನಾ ಪ್ರಾಣ ತಿಂತಾನೆ, ಏನು ಹೇಳಲಿ" ಅಂತ. ಕೆಳಗೆ ಸಾಲಾಗಿ ಲಿವರ್‌ಪೂಲ್, ಅರ್ಸೆನಲ್, ಮ್ಯಾಂಚೆಸ್ಟರ್ ಸಿಟಿ ಅಂತ ಬರೆದಿದ್ದೀರಿ. ಒಬ್ಬ ಪುಣ್ಯಾತ್ಮರು "ಯಾವುದು ಗೆಲ್ತಿದೆಯೋ ಅದು" ಅಂದಿದ್ದಾರೆ. ಅಕ್ಕ, ಇವರ ಮಾತು ಕೇಳಬೇಡಿ. ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ನೋಡಬಹುದಾದ ಟೀಮು ಯಾವುದೋ ಅದನ್ನ ಹೇಳಿ. ಸೋಲುವ ಟೀಮಾದರೆ ಇನ್ನೂ ಒಳ್ಳೆಯದು. ಎರಡು ಸಾಲು ಬರೆಯೋಣ ಅಂತ ಕೂತೆ, ಇಷ್ಟುದ್ದ ಆಗೋಯ್ತು. ಪುರುಸೊತ್ತು ಇದ್ದವರು ಓದಿ.

ನಾವು ಬಂದಿದ್ದು 2018ರಲ್ಲಿ. ಕೆಲಸ ಲೀಡ್ಸ್‌ನಲ್ಲಿ, ಬಾಡಿಗೆ ಕಡಿಮೆ ಅಂತ ಮನೆ ಹಿಡಿದಿದ್ದು ಬ್ರಾಡ್‌ಫರ್ಡ್ ಪಕ್ಕದ ಶಿಪ್ಲಿಯಲ್ಲಿ. ಮಗನಿಗೆ ಆಗ ಐದು ವರ್ಷ. ಆಫೀಸಿನಲ್ಲಿ ಒಬ್ಬರು ಯಾವುದೋ ಮದುವೆಗೆ ಹೋಗಬೇಕು ಅಂತ ಬ್ರಾಡ್‌ಫರ್ಡ್ ಸಿಟಿ ಮ್ಯಾಚಿನ ತಮ್ಮ ಎರಡು ಟಿಕೆಟ್ ನನಗೆ ಕೊಟ್ಟರು. ನಾನು ದಾವಣಗೆರೆಯವನು. ಹೈಸ್ಕೂಲ್ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿಲ್ಲ. ಆಫ್‌ಸೈಡ್ ಅಂದರೆ ಏನು ಅಂತ ಬಸ್ಸಿನಲ್ಲಿ ಕೂತು ಯೂಟ್ಯೂಬ್ ನೋಡಿಕೊಂಡು ವ್ಯಾಲಿ ಪೆರೇಡ್ ಸ್ಟೇಡಿಯಮ್ಮಿಗೆ ಹೋದೆ. ಅವತ್ತು ಬ್ರಾಡ್‌ಫರ್ಡ್ ಸಿಟಿ ಸೋತಿತು. ಆ ಸೀಸನ್ ಪೂರ್ತಿ ಸೋಲುತ್ತಲೇ ಹೋಗಿ, 24 ತಂಡಗಳ ಲೀಗ್ ಒನ್‌ನಲ್ಲಿ ಕಟ್ಟಕಡೆಗೆ ನಿಂತು, ಲೀಗ್ ಟೂಗೆ ಜಾರಿತು. "ನಿಮ್ಮ ಕಾಲ್ಗುಣ" ಅಂತ ನಮ್ಮ ಮನೆಯವರು ಈಗಲೂ ಅಂತಾರೆ.

ಗೊತ್ತಿಲ್ಲದವರಿಗೆ ಲೆಕ್ಕ ಹೇಳಿಬಿಡ್ತೀನಿ. ಮೇಲೆ ಪ್ರೀಮಿಯರ್ ಲೀಗ್, 20 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲಿ 24. ಒಟ್ಟು 92. ಲೀಗ್ ಟೂ ಅಂದರೆ ಹೆಸರಿಗೆ ಎರಡು, ನಿಜವಾಗಿ ನಾಲ್ಕನೇ ದರ್ಜೆ. ಅಲ್ಲಿ ಕೊನೆಯ ಎರಡು ಸ್ಥಾನಕ್ಕೆ ಬಿದ್ದರೆ ಆ 92ರಿಂದಲೂ ಆಚೆ. ಮೇಲಿನ ಮೂರು ತಂಡ ನೇರವಾಗಿ ಮೇಲೆ ಹೋಗ್ತವೆ, ನಾಲ್ಕರಿಂದ ಏಳನೇ ಸ್ಥಾನದವರು ಉಳಿದ ಒಂದು ಜಾಗಕ್ಕೆ ಪ್ಲೇಆಫ್ ಅನ್ನೋ ಅಗ್ನಿಪರೀಕ್ಷೆ ಎದುರಿಸಬೇಕು. ಶನಿವಾರ ಮೂರು ಗಂಟೆಯ ಮ್ಯಾಚುಗಳನ್ನ ಈ ದೇಶದಲ್ಲಿ ಟಿವಿಯಲ್ಲಿ ತೋರಿಸೋ ಹಾಗಿಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಕಾಣುವ ಪ್ರೀಮಿಯರ್ ಲೀಗ್ ಮ್ಯಾಚು ಇಲ್ಲಿ ಶಿಪ್ಲಿಯಲ್ಲಿ ಕಾಣಲ್ಲ! ಜನ ಸೋಫಾ ಬಿಟ್ಟು ಊರಿನ ಮೈದಾನಕ್ಕೆ ಹೋಗಲಿ ಅಂತ ಬಹಳ ಹಿಂದೆ ಮಾಡಿದ ನಿಯಮ. ನಾಲ್ಕನೇ ದರ್ಜೆಯಲ್ಲಿ ಒದ್ದಾಡ್ತಿದ್ದ ವರ್ಷಗಳಲ್ಲೂ ಬ್ರಾಡ್‌ಫರ್ಡ್‌ನ ಮ್ಯಾಚಿಗೆ ಬಹಳ ಸಲ ಹದಿನೈದು ಸಾವಿರದ ಮೇಲೆ ಜನ ಸೇರುತ್ತಿದ್ದರು.

ನಾವು ಹೋಗೋಕೆ ಶುರು ಮಾಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಬಣ್ಣ. ಈ ಕ್ಲಬ್ಬಿನದು ಕ್ಲಾರೆಟ್ ಮತ್ತು ಆಂಬರ್. ನಮ್ಮ ಭಾಷೆಯಲ್ಲಿ ಕುಂಕುಮ, ಅರಿಶಿನ. ಕುಂಕುಮ ಸ್ವಲ್ಪ ಹಳೇದಾಗಿ ಕಪ್ಪು ತಿರುಗಿದಂತಿದೆ ಅಷ್ಟೆ. ಮಗ ಮೊದಲ ದಿನ ಕೊಂಡ ಸ್ಕಾರ್ಫ್ ಸುತ್ತಿಕೊಂಡು ಊರಿಗೆ ವಿಡಿಯೋ ಕಾಲ್ ಮಾಡಿದಾಗ ನಮ್ಮಮ್ಮ, "ಅಯ್ಯೋ ನನ್ ಬಂಗಾರ, ಇಂಗ್ಲೆಂಡ್‌ನಲ್ಲೂ ರಾಜ್ಯೋತ್ಸವ ಮಾಡ್ತಾರೇನೋ?" ಅಂದರು. ಆಮೇಲೆ ನವೆಂಬರ್ 1ಕ್ಕೆ ನಮ್ಮ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಇವನು ಅದನ್ನೇ ಹಾಕಿಕೊಂಡು ಬರೋದು. ಮೊದಲ ವರ್ಷ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ವರ್ಷ ಹಿರಿಯರೊಬ್ಬರು ಹತ್ತಿರ ಬಂದು ಕೋಳಿಹುಂಜದ ಚಿತ್ರ ನೋಡಿ, "ಗಂಡಭೇರುಂಡ ಯಾಕೋ ಹೀಗಾಗಿದೆ" ಅಂದರು. (ಸಿಟಿಯ ಅಡ್ಡಹೆಸರು ಬ್ಯಾಂಟಮ್ಸ್, ಅಂದರೆ ಪುಟ್ಟ ಜಾತಿಯ ಕೋಳಿ.)

ಕನ್ನಡದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡ್ತೀನಿ, ಇಲ್ಲಿ ವಾರಕ್ಕೊಮ್ಮೆ ಚರ್ಚೆಯಾಗುವ ವಿಷಯ. ಭಾನುವಾರದ ಕನ್ನಡ ಕ್ಲಾಸಿಗೆ ಮೂರು ವರ್ಷ ಕಳಿಸಿದೆವು. ಅಕ್ಷರ ಬಂತು, ಮಾತು ಬರಲಿಲ್ಲ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ. ಒಂದು ಶನಿವಾರ ನಮಗೆ ಸಿಗಬೇಕಾದ ಪೆನಾಲ್ಟಿ ರೆಫರಿ ಕೊಡಲಿಲ್ಲ. ಸುತ್ತ ಇರುವವರೆಲ್ಲ ಇಂಗ್ಲಿಷ್‌ನಲ್ಲಿ ಬೈತಿದ್ದಾರೆ, ಆ ಪದಗಳನ್ನ ಇವನು ಬಳಸೋ ಹಾಗಿಲ್ಲ. ಹೊಟ್ಟೆಯೊಳಗೆ ಸಿಟ್ಟು ಕುದೀತಿದೆ. ನನ್ನ ಕಡೆ ತಿರುಗಿ, "ಅಪ್ಪ, ಈ ಮನುಷ್ಯನಿಗೆ ಕಣ್ಣು ಕಾಣಲ್ವಾ?" ಅಂದ. ಇಡೀ ವಾಕ್ಯ, ತಾನಾಗಿ, ಕನ್ನಡದಲ್ಲಿ! ಅವತ್ತಿನಿಂದ ಸ್ಟ್ಯಾಂಡಿನಲ್ಲಿ ಕನ್ನಡ ನಮ್ಮಿಬ್ಬರ ಗುಪ್ತ ಭಾಷೆ. "ಕೊಡೋ ಅವನಿಗೆ", "ಹೋಯ್ತು ಬಿಡು", "ಇವನೇನು ನಿದ್ದೆ ಮಾಡ್ತಿದಾನಾ", "ಎಡವಟ್ಟು ಮಾಡ್ದ". ಪಕ್ಕದ ಸೀಟಿನ ಅಜ್ಜನಿಗೂ "ಅಯ್ಯೋ" ಅಂಟಿಕೊಂಡಿದೆ. ಯಾರ್ಕ್‌ಷೈರ್ ರಾಗದಲ್ಲಿ ಎಳೆದು "ಆಯ್ಯೋsss" ಅಂತಾರೆ, ಸರಿಯಾದ ಹೊತ್ತಿಗೇ ಅಂತಾರೆ.

ಈ ಅಜ್ಜನಿಗೆ ನಮ್ಮನೆಯಲ್ಲಿ ಫ್ಲಾಸ್ಕ್ ಅಜ್ಜ ಅಂತ ಹೆಸರು. ಉಣ್ಣೆ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಅರ್ಧ ಸಮಯಕ್ಕೆ ಸರಿಯಾಗಿ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ, ಮಗನಿಗೆ ಒಂದು ಪೆಪ್ಪರ್‌ಮಿಂಟ್ ಕೊಟ್ಟು, ಪುರಾಣ ಶುರು ಮಾಡ್ತಾರೆ. 1911ರಲ್ಲಿ ನ್ಯೂಕ್ಯಾಸಲ್ ತಂಡವನ್ನ ಸೋಲಿಸಿ ಎಫ್‌ಎ ಕಪ್ ಗೆದ್ದಿದ್ದು, ಆ ಕಪ್ಪನ್ನ ತಯಾರಿಸಿದ್ದೂ ಬ್ರಾಡ್‌ಫರ್ಡ್‌ನ ಕಂಪನಿಯೇ ಅನ್ನೋದು, ಗೋಲು ಹೊಡೆದ ಜಿಮ್ಮಿ ಸ್ಪಿಯರ್ಸ್ 1917ರಲ್ಲಿ ಯುದ್ಧದಲ್ಲಿ ತೀರಿಕೊಂಡಿದ್ದು, ಇವೆಲ್ಲ ನನ್ನ ಮಗನಿಗೆ ಕಂಠಪಾಠ. 2012-13ರ ಸೀಸನ್ನಿನಲ್ಲಿ ನಾಲ್ಕನೇ ದರ್ಜೆಯಲ್ಲಿದ್ದುಕೊಂಡೇ ವಿಗನ್, ಅರ್ಸೆನಲ್, ಆಸ್ಟನ್ ವಿಲ್ಲಾ ಮೂರನ್ನೂ ಮನೆಗೆ ಕಳಿಸಿ ಆ 92 ತಂಡಗಳೂ ಆಡುವ ಲೀಗ್ ಕಪ್ ಫೈನಲ್‌ಗೆ ಲಂಡನ್‌ನ ವೆಂಬ್ಲಿ ಸ್ಟೇಡಿಯಮ್ಮಿಗೆ ಹೋಗಿದ್ದರು. ಅಲ್ಲಿ ಸ್ವಾನ್ಸಿ ಎದುರು 5-0 ಸೋಲು. ಅಜ್ಜ ಆ 5-0 ಮ್ಯಾಚನ್ನ ಗೆದ್ದವರ ಹಾಗೆ ವರ್ಣಿಸ್ತಾರೆ. 2015ರಲ್ಲಿ ಚೆಲ್ಸಿ ಮೈದಾನಕ್ಕೇ ಹೋಗಿ, 2-0 ಹಿಂದಿದ್ದವರು 4-2ರಿಂದ ಗೆದ್ದಿದ್ದನ್ನ ಹೇಳುವಾಗ ಮಾತ್ರ ಎದ್ದು ನಿಲ್ತಾರೆ.

ಎಲ್ಲಾ ಚೆಂದ ಅಂತ ಬಣ್ಣ ಹಚ್ಚಲ್ಲ. ಸ್ಟೇಡಿಯಂ ಇರೋದು ಮ್ಯಾನಿಂಗ್‌ಹ್ಯಾಮ್‌ನಲ್ಲಿ, ಸುತ್ತಮುತ್ತ ಬಹುಪಾಲು ಪಾಕಿಸ್ತಾನಿ ಮೂಲದ ಮನೆಗಳು. ಆದರೆ ಒಳಗೆ ಹೋಗಿ ಕೂತರೆ ನಮ್ಮಂಥ ಬಣ್ಣದವರು ಈಗಲೂ ಕಡಿಮೆ. ಬಾಂಗ್ಲಾ ಬ್ಯಾಂಟಮ್ಸ್ ಅಂತ ಬಾಂಗ್ಲಾ ಮೂಲದವರ ಅಭಿಮಾನಿ ಬಳಗ ಇದೆ, ಅವರಿಂದ ಒಂದಿಷ್ಟು ಬದಲಾಗಿದೆ. ಒಮ್ಮೆ ಬೇರೆ ಊರಿನ ಮ್ಯಾಚಿಗೆ ಹೋದಾಗ (ಊರು ಬೇಡ) ಒಬ್ಬ ನಮ್ಮನ್ನ ನೋಡಿ ಅನ್ನಬಾರದ್ದು ಅಂದ. ಫ್ಲಾಸ್ಕ್ ಅಜ್ಜ ಎದ್ದು ಹೋಗಿ ಅವನ ಮುಂದೆ ನಿಂತರು, ಏನು ಹೇಳಿದರೋ ಕೇಳಿಸಲಿಲ್ಲ. ಆತ ಹಿಂದಿನ ಸಾಲಿಗೆ ಹೋದ. ಮಗ ವಾಪಸ್ ಬರುವಾಗ ಬಸ್ಸಿನಲ್ಲಿ ಮಾತಾಡಲಿಲ್ಲ. ಮನೆಗೆ ಬಂದು ಸ್ಕಾರ್ಫ್ ಮಡಚಿ ಬೀರುವಿನಲ್ಲಿಟ್ಟ. ಎರಡು ವಾರ ಹೊರಗೆ ತೆಗೆಯಲಿಲ್ಲ, ಮೂರನೇ ವಾರ ತಾನೇ ತೆಗೆದ. ನಾನು ಏನೂ ಕೇಳಲಿಲ್ಲ. ಕೇಳಬೇಕಿತ್ತೇನೋ.

2023ರಲ್ಲಿ ಪ್ಲೇಆಫ್ ಸೆಮಿಫೈನಲ್‌ನಲ್ಲಿ ಕಾರ್ಲೈಲ್ ಎದುರು ಸೋತಾಗ ಅವನು ಅತ್ತಿದ್ದನ್ನ ಬರೆಯಬಾರದು ಅಂತ ಆಣೆ ಹಾಕಿಸಿಕೊಂಡಿದ್ದಾನೆ, ಹಾಗಾಗಿ ಬರೆಯಲ್ಲ. ನೇರವಾಗಿ 2025ರ ಮೇ 3ಕ್ಕೆ ಬರ್ತೀನಿ. ಸೀಸನ್ನಿನ ಕೊನೆಯ ಮ್ಯಾಚು, ಫ್ಲೀಟ್‌ವುಡ್ ಎದುರು. ಗೆದ್ದರೆ ಮೇಲೆ, ಇಲ್ಲದಿದ್ದರೆ, ಅದೇ ಹೊತ್ತಿಗೆ ಬೇರೆ ಕಡೆ ಆಡ್ತಿದ್ದ ವಾಲ್ಸಾಲ್ ತಂಡ ಗೆದ್ದರೆ ಮೂರನೇ ಸ್ಥಾನ ಅದಕ್ಕೆ ಹೋಗುತ್ತೆ. 90 ನಿಮಿಷ ಮುಗೀತು, 0-0. ಜನ ಫೋನಿನಲ್ಲಿ ವಾಲ್ಸಾಲ್ ಸ್ಕೋರ್ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡಿದ್ದಾರೆ. ಮಗ ಸ್ಕಾರ್ಫಿನ ತುದಿ ಬಾಯಲ್ಲಿ ಕಚ್ಚಿಕೊಂಡಿದ್ದಾನೆ. ಅಜ್ಜ ಫ್ಲಾಸ್ಕ್ ಚೀಲಕ್ಕೆ ಹಾಕಿ ಜಿಪ್ ಎಳೆದಾಗಿತ್ತು. 96ನೇ ನಿಮಿಷ, ಆಂಟನಿ ಸಾರ್ಸೆವಿಕ್, ಗೋಲು. ಮುಂದಿನ ಅರ್ಧ ನಿಮಿಷ ಏನಾಯ್ತು ನನಗೆ ಗೊತ್ತಿಲ್ಲ. ನನ್ನ ಕನ್ನಡಕ ಮೂರು ಸಾಲು ಕೆಳಗೆ ಸಿಕ್ಕಿತು. ಮಗ ಅಜ್ಜನ ಕುತ್ತಿಗೆಗೆ ಜೋತುಬಿದ್ದಿದ್ದ. ಜನ ಮೈದಾನಕ್ಕೆ ನುಗ್ಗಿದರು, ನಾವು ನುಗ್ಗಲಿಲ್ಲ, ಕನ್ನಡಕ ಹುಡುಕ್ತಿದ್ದೆವು.

ಎಂಟು ದಿನಕ್ಕೆ ಮೇ 11, ಭಾನುವಾರ. ಜರ್ಸಿಯ ಮೇಲೆ 56 ಅಂತ ಯಾಕಿದೆ ಅಂತ ಮಗ ಚಿಕ್ಕವನಿದ್ದಾಗ ಕೇಳಿದ್ದ, ಆಗ ಜಾರಿಕೊಂಡಿದ್ದೆ. 1985ರ ಮೇ 11ರಂದು ಇದೇ ಮೈದಾನದಲ್ಲಿ, ಮೂರನೇ ಡಿವಿಷನ್ ಗೆದ್ದ ಟ್ರೋಫಿ ಕೈಗೆ ಬಂದ ದಿನವೇ, ಲಿಂಕನ್ ಸಿಟಿ ಜೊತೆ ಮ್ಯಾಚು ನಡೀತಿದ್ದಾಗ ಮರದ ಹಳೇ ಸ್ಟ್ಯಾಂಡಿಗೆ ಬೆಂಕಿ ಬಿತ್ತು. ಹಲಗೆಗಳ ಸಂದಿಯಿಂದ ಕೆಳಗೆ ಬಿದ್ದು ವರ್ಷಗಟ್ಟಲೆ ಸೇರಿದ್ದ ಕಸಕ್ಕೆ ಕಿಡಿ ತಾಗಿತ್ತು. ಕೆಲವೇ ನಿಮಿಷದಲ್ಲಿ ಇಡೀ ಸ್ಟ್ಯಾಂಡ್ ಹೊತ್ತಿತು. ಹಿಂದಿನ ಬಾಗಿಲುಗಳಿಗೆ ಬೀಗ. 56 ಜನ ಹೋದರು. ಆ ಸ್ಟ್ಯಾಂಡಿನ ಹಳೇ ಚಾವಣಿ ತೆಗೆದು ಉಕ್ಕಿನದು ಹಾಕಲು ಅದೇ ಬೇಸಿಗೆಗೆ ಎಲ್ಲ ಸಿದ್ಧವಾಗಿತ್ತು. ನಲವತ್ತನೇ ವರ್ಷದ ಸ್ಮರಣೆಗೆ ಊರ ನಡುವಿನ ಸೆಂಟಿನರಿ ಸ್ಕ್ವೇರ್‌ಗೆ ಮಗನನ್ನ ಕರೆದುಕೊಂಡು ಹೋದೆ. ಫ್ಲಾಸ್ಕ್ ಅಜ್ಜ ಸೂಟು, ಟೈ ಹಾಕಿಕೊಂಡು ನಿಂತಿದ್ದರು. ಮಗನಿಗೆ ಗುರುತೇ ಸಿಗಲಿಲ್ಲ. ಏಳು ವರ್ಷದಲ್ಲಿ ಒಮ್ಮೆಯೂ ಅವರು ಈ ಕಥೆ ಹೇಳಿರಲಿಲ್ಲ. ಅವತ್ತೂ ಹೇಳಲಿಲ್ಲ. ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಕೊಟ್ಟರು.

ಜೂನ್ 3ಕ್ಕೆ ಆರ್‌ಸಿಬಿ ಗೆದ್ದಿತು. ಹದಿನೆಂಟು ವರ್ಷ ಕಾದಿದ್ದು, ನಿಮಗೆಲ್ಲ ಗೊತ್ತಿದ್ದದ್ದೇ. ಒಂದೇ ತಿಂಗಳಲ್ಲಿ ಎರಡು ಸಲ ನಮ್ಮ ಮನೆಯ ಅಕ್ಕಪಕ್ಕದವರು ಗೋಡೆ ತಟ್ಟಿದರು. ಮರುದಿನ ಚಿನ್ನಸ್ವಾಮಿ ಹೊರಗಿನ ಕಾಲ್ತುಳಿತದ ಸುದ್ದಿ ಬಂತು. 11 ಜನ. ಊರಿಗೆ ಫೋನ್ ಮಾಡಿ ಮಾಡಿ, ಗೊತ್ತಿದ್ದವರೆಲ್ಲ ಕ್ಷೇಮ ಅಂತ ಖಾತ್ರಿ ಮಾಡಿಕೊಂಡು, ಟಿವಿ ಆರಿಸಿ ಕೂತಿದ್ದೆ. ಮಗ ಬಂದು ಪಕ್ಕದಲ್ಲಿ ಕೂತು ಕೇಳಿದ, "ಅಪ್ಪ, ಇವರಿಗೂ ಪ್ರತಿ ವರ್ಷ ಸೇರ್ತಾರಾ?" ನನಗೆ ಗೊತ್ತಿಲ್ಲ ಅಂದೆ.

ಅಕ್ಕ, ನಿಮ್ಮ ಪ್ರಶ್ನೆ ಎಲ್ಲಿಂದ ಎಲ್ಲಿಗೋ ಹೋಯ್ತು. ಲೀಡ್ಸ್‌ನವರು ನೀವು, ನಿಮ್ಮ ಮಗ ಲೀಡ್ಸ್ ಯುನೈಟೆಡ್ ಅಂದರೆ ನಮಗೂ ನಿಮಗೂ ಹಳೇ ಜಗಳ, ಆದರೂ ತಪ್ಪಿಲ್ಲ. ಅಲ್ಲಿ ಟಿಕೆಟ್ ಸಿಗೋದು ಕಷ್ಟ, ಬೆಲೆಯೂ ಜಾಸ್ತಿ. ಸಿಗದಿದ್ದರೆ ರೈಲು ಹತ್ತಿ ಈ ಕಡೆ ಬನ್ನಿ, ಬ್ರಾಡ್‌ಫರ್ಡ್ ಫಾರ್‌ಸ್ಟರ್ ಸ್ಕ್ವೇರ್‌ನಲ್ಲಿ ಇಳಿದರೆ ನಡೆಯುವಷ್ಟು ದೂರ. ನಾನು ಸ್ಟೇಷನ್‌ಗೆ ಬರ್ತೀನಿ. ಮಗುವಿಗೆ ಎರಡು ಜೊತೆ ಸಾಕ್ಸ್ ಹಾಕಿಸಿ, ಸ್ಟ್ಯಾಂಡಿನ ಕಾಂಕ್ರೀಟಿನಿಂದ ಚಳಿ ಪಾದದ ಮೂಲಕ ಹತ್ತುತ್ತೆ. ಚಿತ್ರಾನ್ನ ಕಟ್ಟಿಕೊಂಡು ಬಂದರೆ ಅಜ್ಜನಿಗೂ ಒಂದು ಡಬ್ಬಿ ತನ್ನಿ. ಹೋದ ಸಲ ಮೆಣಸಿನಕಾಯಿ ಕಚ್ಚಿ ಅವರು ಅಂದ "ಆಯ್ಯೋ"ಗೆ ಮುಂದಿನ ಎರಡು ಸಾಲು ತಿರುಗಿ ನೋಡಿತ್ತು.