ಪಂಚಾಯ್ತಿ ಹತ್ರ ದುಡ್ಡಿಲ್ಲ ಅಂದಾಗ ಗ್ರಾಮಸಭೆಯಲ್ಲಿ ಏನು ಕೇಳಬೇಕು? ನಿವೃತ್ತ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಜೊತೆ ಮೆಸೇಜ್ ಗುಂಪಿನ ಸದಸ್ಯರ ಪ್ರಶ್ನೋತ್ತರ

ಹಾಸನದ ಸದಸ್ಯೆ: ಸರ್, ನಮ್ಮೂರಿನ ಬೋರ್‌ವೆಲ್ ಕರೆಂಟ್ ಬಿಲ್ ಬಾಕಿ ಇದೆ. ವಾಟರ್‌ಮ್ಯಾನ್‌ಗೆ ಸಂಬಳ ಆಗಿಲ್ಲ. ಕೇಳಿದರೆ ‘ದುಡ್ಡಿಲ್ಲ, ಮೊದಲು ಕಂದಾಯ ಕಟ್ಟಿ’ ಅಂತಾರೆ. ಮಳೆ ಕೈಕೊಟ್ಟು ಜನರ ಹತ್ರವೂ ಕಾಸಿಲ್ಲ. ಗ್ರಾಮಸಭೆಗೆ ಹೋಗಿ ಏನು ಪ್ರಯೋಜನ?

ಪಿಡಿಒ: ಪ್ರಯೋಜನ ಇದೆಯಮ್ಮಾ. ಯಾವ ದುಡ್ಡು ಇಲ್ಲ ಅಂತ ಕೇಳಿ. ಮನೆ ಕಂದಾಯ, ನೀರಿನ ಕರ ಪಂಚಾಯ್ತಿಯ ಸ್ವಂತ ಹಣ. 15ನೇ ಹಣಕಾಸು ಆಯೋಗದ ಅನುದಾನ, ಅಂದರೆ ಕೇಂದ್ರದಿಂದ ಬರುವ ಹಣ, ಬೇರೆ. 2021ರಿಂದ 2026ರವರೆಗಿನ ಆ ಅನುದಾನದಲ್ಲಿ ಶೇ. 30 ಕುಡಿಯುವ ನೀರಿಗೆ, ಶೇ. 30 ನೈರ್ಮಲ್ಯಕ್ಕೇ ಮೀಸಲು. ಉಳಿದ ಶೇ. 40ರಲ್ಲಿ ಊರಿಗೆ ಬೇಕಾದ ಕೆಲಸ ಮಾಡಬಹುದು, ಸಂಬಳ ಕೊಡುವಂತಿಲ್ಲ. ನೀರಿನ ಪಾಲು ಎಲ್ಲಿ ಖರ್ಚಾಯಿತು? ಅದನ್ನು ಬಾಯಿಮಾತಲ್ಲಿ ಅಲ್ಲ, ಲೆಕ್ಕದಲ್ಲಿ ತೋರಿಸಲಿ.

ಆಮೇಲೆ ಕಂದಾಯದ ಬೇಡಿಕೆ, ವಸೂಲಿ, ಬಾಕಿ ಪಟ್ಟಿ ಓದಿಸಿ. ನನಗೆ ಚಿಂತೆ ಇರುವುದು ಇಲ್ಲೇ. ಬಿಲ್ ಕಲೆಕ್ಟರ್ ಕೂಲಿಯವರ ಮನೆ ಬಾಗಿಲಿಗೆ ಹೋಗುತ್ತಾರೆ. ಮೊಬೈಲ್ ಟವರ್, ಕಲ್ಯಾಣ ಮಂಟಪ, ಇಟ್ಟಿಗೆ ಕಾರ್ಖಾನೆಗಳ ಬಾಕಿ ಎಷ್ಟು ಅಂತ ಸಭೆಯಲ್ಲಿ ಯಾರೂ ಕೇಳುವುದಿಲ್ಲ. ನೀವು ಕೇಳಿ. ನಿಮ್ಮ ಮಾತು ನಡಾವಳಿಯಲ್ಲಿ ಬರೆದುಕೊಂಡರಾ ನೋಡಿ. ಖಾಲಿ ಪುಟಕ್ಕೆ ಮಾತ್ರ ಸಹಿ ಹಾಕಬೇಡಿ.

ಗದಗದ ಸದಸ್ಯ: ಗ್ರಾಮಸಭೆ ಎಷ್ಟು ಸಲ ನಡೆಯಬೇಕು ಸರ್?

ಪಿಡಿಒ: ಆರು ತಿಂಗಳಿಗೆ ಕನಿಷ್ಠ ಒಂದು. ವಾರ್ಡ್ ಸಭೆಯೂ ಅಷ್ಟೇ. ಅದನ್ನು ಮೊದಲು ಮಾಡಿಸಿ.

ಮಂಡ್ಯದ ಸದಸ್ಯ: ‘ನೀರು ಕೊಡದ ಪಂಚಾಯ್ತಿಗೆ ಕಂದಾಯ ಕಟ್ಟಬೇಕಿಲ್ಲ, ಹೊಸ ಕಾನೂನು, ಎಲ್ಲರಿಗೂ ಕಳಿಸಿ.’ ಇದು ನಿಜವಾ?

ಪಿಡಿಒ: ಸುಳ್ಳು. ಇದನ್ನು ನಂಬಿದರೆ ಬಾಕಿ ನಿಮ್ಮ ಹೆಸರಲ್ಲೇ ಬೆಳೆಯುತ್ತದೆ, ಮೋಟಾರ್ ಇನ್ನೂ ಬೇಗ ನಿಲ್ಲುತ್ತದೆ. ದಯವಿಟ್ಟು ಮುಂದೆ ಕಳಿಸಬೇಡಿ.

ಶಿರಸಿಯ ಸದಸ್ಯ: ಕಂದಾಯ ಕಟ್ಟದವರಿಗೆ ಸಭೆಯಲ್ಲಿ ಮಾತಾಡುವ ಹಕ್ಕೇ ಇರಬಾರದು.

ಹಾಸನದ ಸದಸ್ಯೆ: ಎರಡು ಬೆಳೆ ಹೋದವರಿಗೆ ಈ ಮಾತು ಹೇಳ್ತೀರಾ?

ಶಿರಸಿಯ ಸದಸ್ಯ: ಹಬ್ಬಕ್ಕೆ ದುಡ್ಡಿರುತ್ತೆ, ಕಂದಾಯಕ್ಕೆ ಇರಲ್ಲ ಅಲ್ವಾ?

ಮಂಡ್ಯದ ಸದಸ್ಯ: ಅಡಿಕೆ ತೋಟದಲ್ಲಿ ಕೂತು ಹೀಗೆ ಹೇಳೋದು ಸುಲಭ.

ಶಿರಸಿಯ ಸದಸ್ಯ: ತೋಟದ ಸುದ್ದಿ ಯಾಕೆ? ಸುಳ್ಳು ಮೆಸೇಜ್ ಹಂಚಿದ್ದು ನೀವು.

ತುಮಕೂರಿನ ಸದಸ್ಯೆ: ಹಗಲು ಕೂಲಿ ಬಿಟ್ಟು ಸಭೆಗೆ ಬರೋಕಾಗಲ್ಲ. ಸಂಜೆ ಇಡಿಸಬಹುದಾ ಸರ್?

ಬೀದರ್‌ನ ಸದಸ್ಯ: ಗ್ರಾಮಸಭೆ ವರ್ಷಕ್ಕೆ ಎಷ್ಟು?

ಪಿಡಿಒ: ಮೇಲೆ ಬರೆದಿದ್ದೇನೆ, ಓದಿ. ಶಿರಸಿಯವರೇ, ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆ ಸದಸ್ಯರು. ಕಂದಾಯದ ರಸೀದಿ ತೋರಿಸಿ ಒಳಗೆ ಬರಬೇಕಿಲ್ಲ. ಜಗಳ ಬೇರೆ ಕಡೆ ಮಾಡಿಕೊಳ್ಳಿ.

ಮಂಡ್ಯದ ಸದಸ್ಯ: ಸರ್, ಇನ್ನೊಂದು ಮೆಸೇಜ್ ಬಂದಿದೆ, ‘ಪಿಡಿಒ ಸಸ್ಪೆಂಡ್ ಮಾಡಿಸಲು ಈ ಅರ್ಜಿ’...

ಪಿಡಿಒ: ಬೇಡ. ಬಾಕಿ ಪಟ್ಟಿಗೆ ಅರ್ಜಿ ಹಾಕಿ. ಮಾಹಿತಿ ಹಕ್ಕಿನಲ್ಲಿ 30 ದಿನದೊಳಗೆ ಉತ್ತರ ಕೊಡಲೇಬೇಕು.