ತುರ್ತು: ಐಆರ್‌ಯು, ಲ್ಯಾಂಡಿಂಗ್ ಸ್ಟೇಷನ್‌ಗೆ ಕನ್ನಡದಲ್ಲಿ ಏನು?

ಮಂಗಳೂರಿನಿಂದ:
ಆಫ್ರಿಕಾದ ಕಡಲಡಿ ಇಂಟರ್ನೆಟ್ ಕೇಬಲ್‌ಗಳ ಖರ್ಚು-ವೆಚ್ಚದ ಬಗ್ಗೆ ಒಂದು ಲೇಖನ ಅನುವಾದಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ಕೊಡಬೇಕು. ಎರಡು ಕಡೆ ಸಿಕ್ಕಿಬಿದ್ದಿದ್ದೇನೆ.

ಲ್ಯಾಂಡಿಂಗ್ ಸ್ಟೇಷನ್, ಅಂದರೆ ಕೇಬಲ್ ದಡ ಹತ್ತುವ ಕಟ್ಟಡ. ಸ್ಯಾಟ್-3 ಕೇಬಲ್ 2002ರಲ್ಲೇ ಪಶ್ಚಿಮ ಆಫ್ರಿಕಾ ಮುಟ್ಟಿತು. ಆದರೆ ಹಲವು ದೇಶಗಳಲ್ಲಿ ಈ ಕಟ್ಟಡದ ಬೀಗದಕೈ ಒಂದೇ ಕಂಪನಿಯ ಹತ್ತಿರ ಇತ್ತು, ದರ ಇಳಿಯಲಿಲ್ಲ. 'ತಂಗುದಾಣ' ಅಂತ ಬರೆದರೆ ಬಸ್‌ಸ್ಟ್ಯಾಂಡ್ ಆಗುತ್ತದೆ.

ಇನ್ನೊಂದು ಐಆರ್‌ಯು, ಅಂದರೆ 'ಇಂಡಿಫೀಸಿಬಲ್ ರೈಟ್ ಆಫ್ ಯೂಸ್'. ಕೇಬಲ್ಲಿನ ಒಂದು ಪಾಲನ್ನು 15-20 ವರ್ಷಕ್ಕೆ ದುಡ್ಡು ಒಟ್ಟಿಗೇ ಕೊಟ್ಟು ಹಿಡಿಯುವುದು. ಮಧ್ಯೆ ಬಿಡಿಸುವ ಹಾಗಿಲ್ಲ. 'ಅಬಾಧಿತ ಬಳಕೆ ಹಕ್ಕು' ಅಂತ ಬರೆದು ನಾನೇ ಹೊಡೆದುಹಾಕಿದೆ. ಹಾಗೆಯೇ, ಕಡಲಡಿ ಕೇಬಲ್ಲಿಗೆ 'ಜಲಾಂತರ್ಗಾಮಿ ಕೇಬಲ್' ನಡೆಯುತ್ತದಾ?

ಉಡುಪಿಯಿಂದ:
ನಡೆಯುವುದಿಲ್ಲ. ಜಲಾಂತರ್ಗಾಮಿ ಹೋಗುವಂಥದ್ದು, ಕೇಬಲ್ ಬಿದ್ದುಕೊಂಡಿರುವಂಥದ್ದು. ಕಡಲಡಿ ಸಾಕು.

ಐಆರ್‌ಯು ಅಂದರೆ ನಮ್ಮ ಕರಾವಳಿಯ ಹಳೇ ಜಮೀನು ಪತ್ರಗಳಲ್ಲಿ ಬರುವ ಮೂಲಗೇಣಿಯೇ ಅಲ್ವಾ ಮಾರಾಯ್ರೇ? ಒಡೆಯ ಬೇರೆ, ಅನುಭವಿಸುವವ ಬೇರೆ, ಎಬ್ಬಿಸಲಿಕ್ಕೆ ಆಗುವುದಿಲ್ಲ. ತಿಂಗಳ ಬಾಡಿಗೆಗೆ ಹಿಡಿದರೆ ಅದು ಚಾಲಗೇಣಿ. ಸಣ್ಣ ಕಂಪನಿಗಳ ಹತ್ತಿರ ಒಟ್ಟಿಗೆ ಕೊಡುವಷ್ಟು ದುಡ್ಡು ಎಲ್ಲಿ? ಚಾಲಗೇಣಿಯಲ್ಲೇ ಇದ್ದು ಜಾಸ್ತಿ ತೆರುತ್ತವೆ.

ಕಾರ್ಕಳದಿಂದ:
ತಪ್ಪು. ಮೂಲಗೇಣಿಗೆ ಕೊನೆಯಿಲ್ಲ, ತಲೆಮಾರು ದಾಟುತ್ತದೆ. ಕೇಬಲ್ಲಿಗೆ ಆಯಸ್ಸೇ ಸುಮಾರು 25 ವರ್ಷ. ಮೇಲಾಗಿ 'ಮೂಲ' ಸಂಸ್ಕೃತ. ನೆಲೆಗೇಣಿ ಅನ್ನಿ. ಲ್ಯಾಂಡಿಂಗ್ ಸ್ಟೇಷನ್ನಿಗೆ ಕಡಲಕಟ್ಟೆ. ಮುಗಿಯಿತು.

ಉಡುಪಿಯಿಂದ:
ನೆಲೆಗೇಣಿ ಯಾವ ಹಳೇ ಪತ್ರದಲ್ಲಿದೆ ಮಾಸ್ಟ್ರೇ? ಸುಮ್ನೆ ಹೊಸೆಯುವುದು ಯಾಕೆ? ಅವಧಿ ಬೇಕಾದರೆ ವಾಯಿದೆಗೇಣಿ ಇದೆ. 'ವಾಯಿದೆ ಅರಬ್ಬಿ' ಅಂತ ಬರುತ್ತೀರಿ, ಗೊತ್ತು. ಬಂದರು ಪಾರಸಿ, ದಕ್ಕೆ ಮರಾಠಿ. ಅವನ್ನೆಲ್ಲ ಓಡಿಸಿದರೆ ಮಲ್ಪೆಯವರು ಬೋಟು ಎಲ್ಲಿ ಕಟ್ಟುವುದು?

ಕಾರ್ಕಳದಿಂದ:
ಬೋಟೂ ಇಂಗ್ಲಿಷು. ದೋಣಿ ಅನ್ನಲು ನಾಲಿಗೆ ಸವೆಯುತ್ತದಾ?

ಉಡುಪಿಯಿಂದ:
ಟ್ರಾಲ್ ಬೋಟಿಗೆ ದೋಣಿ ಅಂತ ಮಲ್ಪೆಯಲ್ಲಿ ಒಮ್ಮೆ ಹೇಳಿ ನೋಡಿ.

ಮಂಗಳೂರಿನಿಂದ:
ವಾಯಿದೆಗೇಣಿ ಹಾಕುತ್ತೇನೆ. ಕಡಲಕಟ್ಟೆ ಅಂದರೆ ಸಂಜೆ ಹರಟೆಗೆ ಕೂತ ಹಾಗೆ ಇದೆ. ನನ್ನ ಲೇಖನದಲ್ಲಿ ಒಬ್ಬನೇ ಕೂತು ವಸೂಲಿ ಮಾಡುತ್ತಾನೆ. 2009ರಲ್ಲಿ ಸೀಕಾಮ್, 2010ರಲ್ಲಿ ಈಸಿ (EASSy) ಕೇಬಲ್ ಬಂದ ಮೇಲೆ ಪೂರ್ವ ಆಫ್ರಿಕಾದಲ್ಲಿ ಪೈಪೋಟಿ ಹುಟ್ಟಿ ದರ ಬಿತ್ತು. ಒಬ್ಬನೇ ವಸೂಲಿಗೆ ಕೂರುವುದು ಅಂದಾಗ ಬಜ್ಪೆ ಹತ್ತಿರದ ಸುಂಕದಕಟ್ಟೆ ನೆನಪಾಯಿತು. 'ಕೇಬಲ್ ಸುಂಕದಕಟ್ಟೆ' ಆಗಬಹುದಾ?

ಕಾರ್ಕಳದಿಂದ:
ಸುಂಕ ಬಂದದ್ದು ಶುಲ್ಕದಿಂದ.